ಕಂಬದ ಹಿಂದಿನ ಸೀಟು

ಏಪ್ರಿಲ್ 10, 1984, ಮಂಗಳವಾರ

ನಿದ್ದೆ ಬರುತ್ತಿಲ್ಲ ಎಂದು ಹೋದರೆ ಡಾಕ್ಟರು ಮಾತ್ರೆ ಕೊಡಲಿಲ್ಲ. ಯಾರ ಹತ್ತಿರವಾದರೂ ಮಾತಾಡಿ ಎಮಿಲ್, ಯಾರೂ ಸಿಗದಿದ್ದರೆ ಬರೆಯಿರಿ ಅಂದರು. ಬರೆಯುತ್ತಿದ್ದೇನೆ.

ಇವತ್ತು ಈ ವರ್ಷದ ಮೊದಲ ಬೇಸ್‌ಬಾಲ್ ಮ್ಯಾಚು. ಇಡೀ ವರ್ಷದ ಟಿಕೆಟ್ಟು ಜನವರಿಯಲ್ಲೇ ತೆಗೆದಿದ್ದೆವು, ಎರಡು, ಅಕ್ಕಪಕ್ಕದ ಸೀಟು. ಫೆಬ್ರವರಿಯಲ್ಲಿ ವಿಲ್ಮಾ ಮನೆ ಬಿಟ್ಟಳು. ಹೂವಿನಂಗಡಿಯ ಮೇಲೊಂದು ಕೋಣೆ ಹಿಡಿದಿದ್ದಾಳೆ. ಸಾಮಾನು ಹಂಚಿಕೊಂಡಾಗ ಟಿವಿ ನನಗೆ, ಹೊಲಿಗೆ ಯಂತ್ರ ಅವಳಿಗೆ, ಟಿಕೆಟ್ಟು ತಲಾ ಒಂದು. ಆಟದ ಹುಚ್ಚು ಅವಳದು. ನಾನು ಜೊತೆಗೆ ಹೋಗುತ್ತಿದ್ದವನು ಅಷ್ಟೇ. ಆದ್ದರಿಂದ ನಾನು ಬರುವುದಿಲ್ಲ ಎಂದು ಅವಳು ಅಂದುಕೊಂಡಿದ್ದಳು. ನಾನೂ ಹಾಗೇ ಅಂದುಕೊಂಡಿದ್ದೆ.

"ಬಂದ್ಯಾ?" ಅಂದಳು, ಸೀಟಿನ ಹತ್ತಿರ ನನ್ನನ್ನು ಕಂಡು.

"ಟಿಕೆಟ್ ಇದೆಯಲ್ಲ."

ಮಾತು ಅಷ್ಟೇ. ನಮ್ಮ ಸ್ಟೋಕರ್ಸ್ ತಂಡ ಸೋತಿತು.

ಏಪ್ರಿಲ್ 18, ಬುಧವಾರ

ಸರೋವರದಿಂದ ಬೀಸುವ ಗಾಳಿ. ಕಂಬಳಿ ಹೊದ್ದು ಕೂತೆವು, ಬೇರೆ ಬೇರೆ ಕಂಬಳಿ. ಉಕ್ಕಿನ ಕಾರ್ಖಾನೆಗಳು ಹೊಗೆಯಾಡುತ್ತಿದ್ದ ಕಾಲದಲ್ಲಿ ಕಟ್ಟಿದ ಸ್ಟೇಡಿಯಂ, ಎಪ್ಪತ್ತು ಸಾವಿರ ಕುರ್ಚಿ. ಇವತ್ತು ಮೂರು ಸಾವಿರ ಜನ ಬಂದಿದ್ದಾರೆಂದು ಮೈಕಿನಲ್ಲಿ ಸಾರಿದರು. ಕುರ್ಚಿಗಳ ಮೇಲೆ ಕೂತ ಕಡಲಹಕ್ಕಿಗಳನ್ನೂ ಸೇರಿಸಿರಬೇಕು.

ನನ್ನ ಸೀಟಿನ ಮುಂದೆ, ಮೇಲಂತಸ್ತನ್ನು ಹೊತ್ತ ಕಬ್ಬಿಣದ ಕಂಬವಿದೆ. ಚೆಂಡು ಎಸೆಯುವವನು ಕಾಣಬೇಕಾದರೆ ಎಡಕ್ಕೆ ವಾಲಬೇಕು. ಎಡಕ್ಕೆ ವಿಲ್ಮಾ. ಇಷ್ಟು ವರ್ಷ ನಾನು ವಾಲುವ ಗೋಜಿಗೇ ಹೋಗದೆ ಪದಬಂಧ ಬಿಡಿಸುತ್ತ ಕೂರುತ್ತಿದ್ದೆ. ಇವತ್ತು ಒಮ್ಮೆ ವಾಲಿದೆ. ಭುಜಕ್ಕೆ ಭುಜ ತಾಗಿತು. ಇಬ್ಬರೂ "ಸಾರಿ" ಅಂದೆವು.

ಹಿಂದಿನ ಸಾಲಿನಲ್ಲಿ ಎಂದಿನಂತೆ ಮಿಸ್ ಒಡೆಸ್ಸಾ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದ ಮುದುಕಿ. ಒಂದು ಮ್ಯಾಚೂ ತಪ್ಪಿಸುವುದಿಲ್ಲ. ಅವರಿಗೂ ವಿಲ್ಮಾಗೂ ಆಟ ಮುಗಿಯುವವರೆಗೆ ಪಿಸುಪಿಸು ಹರಟೆ ಇದ್ದದ್ದೇ. ಇವತ್ತು ನಮ್ಮಿಬ್ಬರ ಮಧ್ಯೆ ತಲೆ ತೂರಿಸಿ ಕೇಳಿದರು:

"ಸುತ್ತ ಒಂದು ಊರು ಕೂರೋಷ್ಟು ಕುರ್ಚಿ ಖಾಲಿ ಬಿದ್ದಿದೆ. ಜಗಳ ಆಡ್ಕೊಂಡ ಗಂಡ ಹೆಂಡ್ತಿಗೆ ಇವೆರಡೇ ಬೇಕಾ?"

"ನಾವು ಜಗಳ ಆಡಿಲ್ಲ ಮಿಸ್ ಒಡೆಸ್ಸಾ," ಅಂದಳು ವಿಲ್ಮಾ.

"ಅದೇ ನಿಮ್ಮ ಕಾಯಿಲೆ."

ಏಪ್ರಿಲ್ 20

ಸೋಲು. 9-1. ಅವಳು ಬಂದಿದ್ದಳು. ನಾನೂ.

ಏಪ್ರಿಲ್ 29

ಮಳೆ, ಆಟವಿಲ್ಲ. ಸೇತುವೆಯ ಪಾಳಿಗೆ ಹೋದೆ; ಹಡಗು ಬಂದಾಗ ಅದನ್ನು ಎತ್ತಿ ಇಳಿಸುವುದು ನನ್ನ ಕೆಲಸ. ಅದಿರಿನ ಹಡಗು ಬಂತು, ಸೇತುವೆ ಎತ್ತಿದೆ. ಹೋಯಿತು, ಇಳಿಸಿದೆ. ಬರೆಯುವಂಥದ್ದೇನೂ ಇಲ್ಲ.

ಮೇ 8, ಮಂಗಳವಾರ

ವಿಲ್ಮಾ ಬರಲಿಲ್ಲ. ಒಂಬತ್ತರಲ್ಲಿ ಎರಡನೇ ಇನ್ನಿಂಗ್ಸ್ ಮುಗಿದರೂ ಬರಲಿಲ್ಲ.

"ಟೂಸಾನ್‌ಗೆ ಹೋಗಿದ್ದಾಳೆ, ಆ ಮರಳುಗಾಡಿನ ಊರಿಗೆ, ಅಕ್ಕನ ಮನೆಗೆ," ಅಂದರು ಮಿಸ್ ಒಡೆಸ್ಸಾ ಹಿಂದಿನಿಂದ. "ನಿಮಗೆ ಹೇಳಿಲ್ಲ ಅನ್ಸುತ್ತೆ."

ಹೇಳಿರಲಿಲ್ಲ.

ಬ್ಯಾಟಿಗೆ ಚೆಂಡು ಬಡಿದ ಸದ್ದಾಯಿತು. ಖಾಲಿ ಸ್ಟೇಡಿಯಮ್ಮಿನಲ್ಲಿ ಆ ಸದ್ದು ಎದುರು ಗೋಡೆಗೆ ತಾಗಿ ಇನ್ನೊಮ್ಮೆ ಕೇಳುತ್ತದೆ. ಮಿಸ್ ಒಡೆಸ್ಸಾ ನನ್ನ ಬೆನ್ನಿಗೆ ತಿವಿದರು.

"ಏನಾಯ್ತು?"

"ಚೆಂಡು ಹೋಯ್ತು."

"ಎಲ್ಲಿಗೆ?"

"ಅಲ್ಲಿಗೆ."

"ಅಲ್ಲಿಗೆ ಅಂದ್ರೆ ಎಲ್ಲಿಗೆ? ಸರೋವರದಾಚೆ ಕೆನಡಾಕ್ಕಾ?"

ತಿರುಗಿ ನೋಡಿದೆ. ಮುದುಕಿ ಮೈದಾನದ ಕಡೆ ಮುಖ ಮಾಡಿದ್ದರು. ಕಣ್ಣು ಮಾತ್ರ ಎಲ್ಲೂ ನಿಂತಿರಲಿಲ್ಲ.

"ಪೊರೆ ಬಂದಿದೆ ಕಣಪ್ಪಾ, ಎರಡೂ ಕಣ್ಣಿಗೆ. ಕೆಳಗೆ ಒಂದಿಷ್ಟು ಹಸಿರು ಕಾಣುತ್ತೆ, ಮೇಲೆ ಒಂದಿಷ್ಟು ಬೆಳಕು. ಮಿಕ್ಕಿದ್ದೆಲ್ಲ ನಿನ್ನ ಹೆಂಡ್ತಿ ಬಾಯಲ್ಲಿ ನೋಡ್ತಿದ್ದೆ. ಪಕ್ಕದಲ್ಲೇ ಕೂತಿದ್ದೆಯಲ್ಲ, ಗೊತ್ತೇ ಆಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ನಾನದನ್ನು ಹರಟೆ ಅಂದುಕೊಂಡಿದ್ದೆ.

"ಇವತ್ತು ನೀನು ಹೇಳು," ಅಂದರು. 'ನೀವು' ಹೋಗಿ 'ನೀನು' ಆಗಿತ್ತು.

"ನನಗೆ ಬರಲ್ಲ."

"ಬಾಯಿ ಬಿಟ್ರೆ ಮುತ್ತು ಉದುರುತ್ತಾ? ದೇವರೇ, ಇಂಥವನ ಜೊತೆ ಅವಳು ಮೂವತ್ತು ವರ್ಷ ಹೇಗೆ ಬಾಳಿದಳೋ."

ಕಂಬದ ಹಿಂದೆ ಕೂತು ಹೇಳುವುದು ಆಗದ ಮಾತು. ವಿಲ್ಮಾಳ ಸೀಟಿಗೆ ಸರಿದೆ. ಮೈದಾನ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಹೇಳಿದೆ. ತಪ್ಪು ತಪ್ಪಾಗಿ ಹೇಳಿದೆ. ಹೆಸರುಗಳು ಗೊತ್ತಿಲ್ಲ, ಅಂಗಿಯ ಮೇಲಿನ ನಂಬರು ಹೇಳಿದರೆ ಅವರೇ ಹೆಸರು ಹೇಳುತ್ತಿದ್ದರು. ಏಳನೇ ಇನ್ನಿಂಗ್ಸಿನ ಹೊತ್ತಿಗೆ ಗಂಟಲು ಕಟ್ಟಿತು.

ಮೇ 9, ಬುಧವಾರ

ಮಿಸ್ ಒಡೆಸ್ಸಾ ನನಗೆಂದು ಜೇನು ಹಾಕಿದ ಟೀ ತಂದಿದ್ದರು, ಗಂಟಲಿಗೆ. ಇನ್ನು ತಪ್ಪಿಸಿಕೊಳ್ಳುವಂತಿಲ್ಲ.

ಎಡ ಮೈದಾನ ಕಾಯುವ ರಾಕ್‌ಮೋರ್ ನಮ್ಮ ಹತ್ತಿರವೇ ನಿಲ್ಲುತ್ತಾನೆ. ಕೈಗೆ ಬಂದ ಚೆಂಡು ಬಿಟ್ಟ. ಹೇಳಿದೆ. ಮುದುಕಿ ಎದ್ದು ನಿಂತು ಕೂಗಿದರು, "ರಾಕ್‌ಮೋರ್, ಅಲ್ಲೇನು ಬೇರು ಬಿಟ್ಟಿದೀಯಾ?"

ಜನವೇ ಇಲ್ಲದ ಕಡೆ ಪ್ರತಿ ಮಾತೂ ಮೈದಾನಕ್ಕೆ ಕೇಳುತ್ತದೆ. ಅವನು ತಿರುಗಿಯೂ ನೋಡದೆ, "ಇನ್ನೂ ಇಲ್ಲ ಅಜ್ಜೀ, ಸ್ವಲ್ಪ ನೀರು ಹಾಕಿ," ಅಂದ.

ನಕ್ಕೆ. ಅದನ್ನು ಯಾರಿಗೋ ಹೇಳಬೇಕೆನಿಸಿತು. ಇಲ್ಲಿ ಬರೆದಿದ್ದೇನೆ.

ಮೇ 15

ಇವತ್ತು ಸೇತುವೆಯ ಕ್ಯಾಬಿನ್ನಿನಲ್ಲಿ ಕೂತು ಹಡಗು ಬರುವುದನ್ನು ಗಟ್ಟಿಯಾಗಿ ಹೇಳಿ ನೋಡಿದೆ. ಬಲಕ್ಕೆ ತಿರುಗಿತು, ತುಕ್ಕು ಹಿಡಿದ ಮೂತಿ, ಡೆಕ್ಕಿನ ಮೇಲೆ ಒಬ್ಬ ಬಟ್ಟೆ ಒಣಹಾಕುತ್ತಿದ್ದಾನೆ, ಹೀಗೆ. ಇಷ್ಟು ವರ್ಷದಲ್ಲಿ ಹಡಗಿನ ಮೇಲೆ ಬಟ್ಟೆ ಒಣಹಾಕುತ್ತಾರೆಂದು ಗಮನಿಸಿರಲಿಲ್ಲ.

ಮೇ 22, ಮಂಗಳವಾರ

ವಿಲ್ಮಾ ಬಂದಿದ್ದಾಳೆ. ಬಿಸಿಲಿಗೆ ಮೂಗು ಕೆಂಪಾಗಿದೆ. ನಾನು ಮೂರನೇ ಇನ್ನಿಂಗ್ಸ್ ಹೇಳುತ್ತಿದ್ದೆ. ರಾಕ್‌ಮೋರ್ ಎರಡನೇ ಬೇಸ್‌ಗೆ, ಅಂದರೆ ಓಡುವವನು ಮುಟ್ಟಬೇಕಾದ ಚೌಕಕ್ಕೆ, ಹೊಟ್ಟೆಯ ಮೇಲೆ ಜಾರಿ ಬಂದು ಪ್ಯಾಂಟಿನ ಮೊಣಕಾಲು ಹರಿದುಕೊಂಡಿದ್ದ. ಅವನು ಮುಚ್ಚಿಕೊಳ್ಳಲು ನೋಡುತ್ತಿದ್ದಾನೆ, ಅಂಪೈರು ನಗು ತಡೆದುಕೊಂಡು ಮೋಡ ನೋಡುತ್ತಿದ್ದಾನೆ ಎಂದೆಲ್ಲ ಹೇಳಿ ತಿರುಗಿದರೆ, ಅವಳು ಮೆಟ್ಟಿಲ ಮೇಲೆ ಹಾಟ್‌ಡಾಗ್ ಹಿಡಿದು ನಿಂತಿದ್ದಳು. ಬಹಳ ಹೊತ್ತಿನಿಂದ ನಿಂತಿರಬೇಕು. ಅದರ ಸಾಸಿವೆ ಸಾಸು ಬೆರಳಿನ ಮೇಲೆ ಇಳಿದು ಒಣಗಿತ್ತು.

ಎದ್ದು ಜಾಗ ಬಿಡಲು ಹೋದೆ.

"ಬೇಡ, ಅಲ್ಲೇ ಕೂತ್ಕೋ," ಅಂದಳು. "ಆಮೇಲೇನಾಯ್ತು ಹೇಳು."

ನನ್ನ ಸೀಟಿನಲ್ಲಿ, ಕಂಬದ ಹಿಂದೆ ಕೂತಳು.

ಜೂನ್ 6

ಇವತ್ತೂ ಕಂಬದ ಹಿಂದೆಯೇ ಕೂತಳು. ಆಟದ ಹುಚ್ಚಿನವಳು ಕಬ್ಬಿಣ ನೋಡಿಕೊಂಡು ಕೂರುವುದೆಂದರೆ. ಅರ್ಧ ಹೊತ್ತು ಕಣ್ಣನ್ನೂ ಮುಚ್ಚಿಕೊಂಡಿರುತ್ತಾಳೆ. ಟೂಸಾನ್‌ನಿಂದ ಬಂದ ಆಯಾಸ ಇನ್ನೂ ಹೋಗಿಲ್ಲವೇನೋ.

ಜೂನ್ 23, ಶನಿವಾರ

ಬ್ಯಾಟಿಗೆ ತಾಗಿ ಹಿಂದಕ್ಕೆ ಹಾರಿದ ಚೆಂಡು ನಮ್ಮಿಂದ ದೂರ ಖಾಲಿ ಕುರ್ಚಿಗಳ ಮೇಲೆ ಟಕ ಟಕ ಎಂದು ಇಳಿಯುತ್ತ ಹೋಯಿತು. ಬೇರೆ ಊರಿನಲ್ಲಾದರೆ ಅದಕ್ಕೆ ನೂಕುನುಗ್ಗಲು. ಇಲ್ಲಿ ಒಬ್ಬ ಗೃಹಸ್ಥ ಪೇಪರು ಮಡಚಿ, ಕನ್ನಡಕ ತೆಗೆದು ಜೇಬಿಗೆ ಹಾಕಿ, ಎದ್ದು, ಸಾವಕಾಶ ನಡೆದು ಹೋಗಿ ಚೆಂಡು ಎತ್ತಿಕೊಂಡ. ನೋಡಿ, ಇಟ್ಟುಕೊಳ್ಳುವಂಥದ್ದಲ್ಲ ಎಂಬಂತೆ ಮೈದಾನಕ್ಕೆ ವಾಪಸ್ಸು ಎಸೆದ. ನಾನು ಇದನ್ನು ಹೇಳಿದಾಗ ವಿಲ್ಮಾ ಎಷ್ಟು ನಕ್ಕಳೆಂದರೆ ಕೆಮ್ಮು ಬಂತು. ಬೆನ್ನು ತಟ್ಟಿದೆ. ಸುಮ್ಮನೆ ತಟ್ಟಿಸಿಕೊಂಡಳು.

ಈಗ ನಮ್ಮ ಸಾಲಿನ ಸುತ್ತಮುತ್ತ ನಾಲ್ಕಾರು ಜನ ಬಂದು ಕೂರುತ್ತಿದ್ದಾರೆ. ಬಿಸಿಲು ಬೀಳುವ ಜಾಗ ಬಿಟ್ಟು ಇಲ್ಲಿಗೇಕೆ ಬರುತ್ತಾರೋ.

ಜುಲೈ 12, ಗುರುವಾರ

ಐದನೇ ಇನ್ನಿಂಗ್ಸಿನಲ್ಲಿ ಸರೋವರದಿಂದ ಮಂಜು ನುಗ್ಗಿತು. ಮೊದಲು ಎದುರಿನ ಗ್ಯಾಲರಿ ಹೋಯಿತು, ಆಮೇಲೆ ಹುಲ್ಲು, ಆಮೇಲೆ ಮುಂದಿನ ಸಾಲಿನವರ ತಲೆಗಳು. ಆಟ ನಿಲ್ಲಿಸಿದ್ದೇವೆ, ಕೂತಿರಿ ಎಂದು ಮೈಕಿನಲ್ಲಿ ಹೇಳಿದರು.

"ಈಗ ಎಲ್ಲರೂ ನನ್ನ ಹಾಗೇ ಆದ್ರಿ," ಅಂದರು ಮಿಸ್ ಒಡೆಸ್ಸಾ ಖುಷಿಯಿಂದ. "ಎಮಿಲ್, ಆಟ ನಿಲ್ಲಿಸ್ಬೇಡ. ಹೇಳು."

"ಏನೂ ನಡೀತಿಲ್ಲ ಮಿಸ್ ಒಡೆಸ್ಸಾ."

"ನಡೀತಿದೆ ಅಂತ ಹೇಳು. ಇಲ್ಲಿ ನಿನ್ನ ಮಾತು ಸುಳ್ಳು ಅನ್ನೋರು ಯಾರಿದ್ದಾರೆ?"

ಹೇಳಿದೆ. ರಾಕ್‌ಮೋರ್ ಬ್ಯಾಟು ಬೀಸಿದ, ಚೆಂಡು ಗೋಡೆ ದಾಟಿತು, ರಸ್ತೆ ದಾಟಿತು, ಸರೋವರದ ಮೇಲೆ ಹೋಗುತ್ತಲೇ ಇದೆ. ಅದಿರಿನ ಹಡಗಿನಲ್ಲಿ ಒಬ್ಬ ಬಟ್ಟೆ ಒಣಹಾಕುತ್ತಿದ್ದಾನೆ, ಚೆಂಡು ಅವನ ಒದ್ದೆ ಚಡ್ಡಿಯೊಳಗೆ ಬಿತ್ತು. ಕ್ಯಾಪ್ಟನ್ನು ಬಂದು ಔಟೋ ಅಲ್ಲವೋ ಎಂದು ಕೇಳುತ್ತಿದ್ದಾನೆ. ಮಂಜಿನಲ್ಲಿ ಎಲ್ಲೋ ನಗು ಕೇಳಿತು. "ಆಮೇಲೆ?" ಎಂದು ಇನ್ನೊಂದು ಕಡೆಯಿಂದ ಯಾರೋ ಕೇಳಿದರು. ಆಮೇಲೆ ಮೈದಾನದ ಒಳಗಿಂದಲೇ ರಾಕ್‌ಮೋರನ ದನಿ ಬಂತು:

"ಸಾರ್, ನಾನು ಓಡಿದ್ನಾ ಇಲ್ವಾ?"

"ಓಡ್ತಾ ಇದೀಯ ಮಗನೇ," ಅಂದರು ಮಿಸ್ ಒಡೆಸ್ಸಾ. "ಮೊದಲನೇ ಬೇಸೇ ಇನ್ನೂ ಸಿಕ್ಕಿಲ್ಲ."

ಸ್ವಲ್ಪ ಹೊತ್ತಿಗೆ ಮುದುಕಿ ಕೂತಲ್ಲೇ ನಿದ್ದೆ ಹೋದರು. ವಿಲ್ಮಾಳ ಮುಖ ನನಗೆ ಕಾಣುತ್ತಿರಲಿಲ್ಲ, ಕೋಟಿನ ಗುಂಡಿ ಮಾತ್ರ ಕಾಣುತ್ತಿತ್ತು.

"ಮನೇಲಿ ಯಾಕೆ ಹೀಗೆ ಮಾತಾಡ್ಲಿಲ್ಲ, ಎಮಿಲ್?"

ಕೋಪದಿಂದ ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು.

"ದಿನವೆಲ್ಲ ಆ ಕ್ಯಾಬಿನ್ನಲ್ಲಿ ಒಬ್ಬನೇ. ಮನೆಗೆ ಬರೋ ಹೊತ್ತಿಗೆ ಬಾಯಿ ಬೀಗ ಹಾಕ್ಕೊಂಡು ಕೂತಿರ್ತಿತ್ತು. ನೀನು ಎದುರು ಕೂತಿರ್ತಿದ್ದೆ. ಅಷ್ಟು ಸಾಕು ಅಂದ್ಕೊಂಡಿದ್ದೆ."

"ನಂಗೆ ಸಾಕಾಗ್ಲಿಲ್ಲ."

"ಈಗ ಗೊತ್ತಾಯ್ತು."

"ಊಟ ಚೆನ್ನಾಗಿದೆ ಅಂತಾನೂ ಹೇಳ್ತಿರ್ಲಿಲ್ಲ. ನಾನು ಬೇಕಂತ ಉಪ್ಪು ಜಾಸ್ತಿ ಹಾಕಿದ್ದೂ ಇದೆ, ಏನಾದ್ರೂ ಅಂತೀಯೇನೋ ಅಂತ."

"ಅವತ್ತು ನೀರು ಜಾಸ್ತಿ ಕುಡಿದೆ."

ಅವಳು ನಕ್ಕಳೋ ಅತ್ತಳೋ ಮಂಜಿನಲ್ಲಿ ತಿಳಿಯಲಿಲ್ಲ. ನಾನು ಕೇಳಿದೆ, "ಅಳ್ತಿದೀಯಾ?" ಎಂದು. ಹಾಗೆ ನಾನು ಕೇಳಿದ್ದು ಅದೇ ಮೊದಲಿರಬೇಕು. "ಎರಡೂ," ಅಂದಳು.

ಮ್ಯಾಚು ರದ್ದಾಯಿತು. ಯಾರೂ ಬೇಗ ಏಳಲಿಲ್ಲ.

ಆಗಸ್ಟ್ 14, ಮಂಗಳವಾರ

ಬೆಳಿಗ್ಗೆ ಕೋರ್ಟು, ವಿಲ್ಮಾ ಮನೆ ಬಿಟ್ಟಾಗ ಹಾಕಿದ್ದ ಅರ್ಜಿಗೆ. ಹೊಂದಾಣಿಕೆ ಇಲ್ಲ ಎಂದು ವಕೀಲರು ಓದಿದರು. ನ್ಯಾಯಾಧೀಶರು ನಮ್ಮಿಬ್ಬರ ಮುಖ ನೋಡಿದರು. ಹೊರಗೆ ಕಾಯುವಾಗ ನಾವು ಒಂದೇ ಬೆಂಚಿನಲ್ಲಿ ಕೂತು ರಾಕ್‌ಮೋರನ ಮೊಣಕಾಲಿನ ನೋವಿನ ವಿಚಾರ ಮಾತಾಡುತ್ತಿದ್ದದ್ದನ್ನು ಅವರ ಗುಮಾಸ್ತ ನೋಡಿದ್ದ. ಆದರೂ ಸಹಿ ಆಯಿತು. ಕೆಲಸ ಬೇಗ ಮುಗಿಯಿತು.

ಸಂಜೆ ಆಟವಿತ್ತು. ಇಬ್ಬರೂ ಕೋರ್ಟಿನ ಬಟ್ಟೆಯಲ್ಲೇ ಹೋದೆವು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ.

ಮಿಸ್ ಒಡೆಸ್ಸಾ ಮೂಗು ಎತ್ತಿದರು. "ಪೌಡರ್ ವಾಸನೆ. ಬೂಟ್ ಪಾಲಿಶ್ ವಾಸನೆ. ಯಾರು ತೀರ್ಕೊಂಡ್ರು?"

"ಯಾರೂ ಇಲ್ಲ," ಅಂದಳು ವಿಲ್ಮಾ. "ಡೈವೋರ್ಸ್ ಆಯ್ತು."

ಒಂದು ಇನ್ನಿಂಗ್ಸ್ ಮುಗಿಯಿತು. ಮುದುಕಿ ಚೀಲದಿಂದ ಕಾಗದದಲ್ಲಿ ಸುತ್ತಿದ ಹುರಿದ ಕೋಳಿ ತೆಗೆದು ನಮ್ಮಿಬ್ಬರ ನಡುವೆ ಚಾಚಿದರು. "ತಿನ್ನಿ. ಖಾಲಿ ಹೊಟ್ಟೇಲಿ ಇಂಥದ್ದೆಲ್ಲ ಆಗ್ಬಾರ್ದು."

ತಿಂದೆವು. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಿದೆ.

ಆಗಸ್ಟ್ 26, ಭಾನುವಾರ

ಟೂಸಾನ್‌ನಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ವಿಲ್ಮಾಗೆ ಕೆಲಸ ಸಿಕ್ಕಿದೆ. ಇಲ್ಲೂ ಅವಳು ಮಾಡುವುದು ಅದೇ ಕೆಲಸ. ಅಕ್ಟೋಬರಿನಲ್ಲಿ ಹೋಗುತ್ತಾಳಂತೆ. ಆಟ ಮುಗಿದ ಮೇಲೆ ಕಾರು ನಿಲ್ಲಿಸಿದ ಜಾಗದಲ್ಲಿ ಹೇಳಿದಳು. ಅಲ್ಲಿ ನಮ್ಮಿಬ್ಬರ ಕಾರು ಬಿಟ್ಟರೆ ಕಾಗದದ ಲೋಟಗಳು ಉರುಳುತ್ತಿದ್ದವು.

"ಹೋಗ್ಬೇಡ," ಅಂದೆ.

"ಯಾಕೆ?"

ಹೇಳುತ್ತ ಹೋದೆ. ಅಡುಗೆಮನೆಯ ಕಪಾಟಿನ ಬಾಗಿಲುಗಳನ್ನು ನೀನು ಎಂದೂ ಮುಚ್ಚುತ್ತಿರಲಿಲ್ಲ, ನಾನು ಹಿಂದಿನಿಂದ ಮುಚ್ಚಿಕೊಂಡು ಬರುತ್ತಿದ್ದೆ, ಈಗ ಎಲ್ಲ ಬಾಗಿಲೂ ಮುಚ್ಚಿಯೇ ಇರುತ್ತವೆ, ನೋಡಿದರೆ ಸಿಟ್ಟು ಬರುತ್ತದೆ ಅಂದೆ. ರೇಡಿಯೋದಲ್ಲಿ ಹವಾಮಾನ ಹೇಳುವವನಿಗೆ ನೀನು ಎದುರುತ್ತರ ಕೊಡುತ್ತಿದ್ದೆ, ಈಗ ನಾನೇ ಕೊಡುತ್ತಿದ್ದೇನೆ ಅಂದೆ. ಸೇತುವೆಯಿಂದ ಮನೆಗೆ ಬರುವಾಗ ದಾರಿಯಲ್ಲಿ ಕಂಡದ್ದನ್ನೆಲ್ಲ ನಿನಗೆ ಹೇಳಲು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತೇನೆ, ಬೀಗ ತೆಗೆಯುವಾಗ ನೀನಿಲ್ಲವೆಂದು ನೆನಪಾಗುತ್ತದೆ ಅಂದೆ. ಇನ್ನೂ ಏನೇನೋ. ಅವಳು ಕಾರಿನ ಕೀಲಿ ಹಿಡಿದು ನಿಂತು ಎಲ್ಲ ಕೇಳಿದಳು.

"ಇಷ್ಟು ಹೇಳಿದ್ದು ನಂಗೆ ಸಂತೋಷ, ಎಮಿಲ್. ಬಾಯಿಮಾತಿಗೆ ಅಂತಿಲ್ಲ. ಆದ್ರೂ ಹೋಗ್ತೀನಿ."

"ಅಲ್ಲಿ ಅಂಥದ್ದೇನಿದೆ?"

"ಅಲ್ಲಿ ಬೆಳಿಗ್ಗೆ ಎದ್ದು ಕಾಫಿ ಮಾಡೋವಾಗ ನಾನು ಹಾಡ್ಕೊಳ್ತೀನಂತೆ. ಅಕ್ಕ ಹೇಳಿದ ಮೇಲೆ ನಂಗೂ ಗೊತ್ತಾಗಿದ್ದು."

ಅವಳು ಹಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಅದಾದ ಮೇಲೆ ಹೋಗಬೇಡ ಅನ್ನಲು ಆಗಲಿಲ್ಲ.

ಆಗಸ್ಟ್ 28

ಪಾಳಿ. ಆಟಕ್ಕೆ ಹೋಗಲಿಲ್ಲ. ಬರೆಯಲು ಮನಸ್ಸಿಲ್ಲ.

ಸೆಪ್ಟೆಂಬರ್ 3, ಸೋಮವಾರ

ಮಿಸ್ ಒಡೆಸ್ಸಾ ಸೇತುವೆಯ ಆಫೀಸಿಗೇ ಫೋನು ಮಾಡಿಸಿದ್ದರು. "ಹೋಗೋಳು ಅವಳು. ನೀನ್ಯಾಕೆ ಮನೇಲಿ ಕೂತೆ? ಮೂರು ಮ್ಯಾಚಿಂದ ನಾನು ಕತ್ತಲಲ್ಲಿದೀನಿ. ಅವಳಿಗೆ ಹೇಳು ಅಂದ್ರೆ, ಎಮಿಲ್ ಥರ ನನಗೆ ಬರಲ್ಲ ಅಂತಾಳೆ."

ಹೋದೆ. ವಿಲ್ಮಾ ಏನೂ ಕೇಳದೆ ಕಂಬದ ಹಿಂದಕ್ಕೆ ಸರಿದಳು. ಗೆದ್ದೆವು, ಎಷ್ಟೋ ದಿನದ ಮೇಲೆ.

ಸೆಪ್ಟೆಂಬರ್ 30, ಭಾನುವಾರ

ಕೊನೆಯ ಆಟ. ಸ್ಟೋಕರ್ಸ್ ಎಲ್ಲ ತಂಡಗಳಿಗಿಂತ ಕೆಳಗೆ. ಬಂದವರು ಎರಡು ಸಾವಿರವೂ ಇಲ್ಲ, ಅದರಲ್ಲಿ ನೂರು ಜನವಾದರೂ ನಮ್ಮ ಸುತ್ತ ಕೂತಿದ್ದರು. ಚಳಿಗೆ ಒತ್ತೊತ್ತಾಗಿ ಕೂರುತ್ತಾರೆ. ಹಾಟ್‌ಡಾಗ್ ಮಾರುವವನೂ ಬುಟ್ಟಿ ಇಳಿಸಿ ಕೂತ.

ಒಂಬತ್ತು ಇನ್ನಿಂಗ್ಸಿಗೂ ಆಟ ಸಮವಾಗಿ, ಮೇಲೆ ಮೇಲೆ ಇನ್ನಿಂಗ್ಸ್ ಬೆಳೆಯಿತು. ಎದುರಾಳಿಗಳು ಒಂದು ರನ್ನು ಮುಂದಾದರು. ಕೊನೆಗೆ ರಾಕ್‌ಮೋರ್ ಹೊಡೆದ ಚೆಂಡು ಎತ್ತರಕ್ಕೆ ಹೋಯಿತು. ಹೋಯಿತು, ಹೋಯಿತು ಅಂದೆ. ಎಲ್ಲರೂ ಎದ್ದರು. ಗಾಳಿ ಅದನ್ನು ವಾಪಸ್ಸು ತಳ್ಳಿತು. ಗೋಡೆಯ ಬುಡದಲ್ಲಿ ಹಿಡಿದುಬಿಟ್ಟರು. ಒಂದು ಕ್ಷಣ, ಗೋಡೆ ದಾಟಿತು, ಹೋಮ್ ರನ್ ಎಂದೇ ಹೇಳಿಬಿಡಲೇ ಅನ್ನಿಸಿತು. ಮಿಸ್ ಒಡೆಸ್ಸಾ ನನ್ನ ತೋಳು ಹಿಡಿದಿದ್ದರು.

"ಹಿಡಿದರು," ಅಂದೆ.

"ಪರವಾಗಿಲ್ಲ ಬಿಡು. ಚೆನ್ನಾಗಿ ಹೋಯ್ತು ಅದು."

ಸೋತೆವು. ಹೊರಡುವಾಗ ವಿಲ್ಮಾ ನನ್ನ ಕೆನ್ನೆ ಮುಟ್ಟಿದಳು. ಅವಳ ಕೈಗೆ ಸಾಸಿವೆ ವಾಸನೆ ಇತ್ತು.

ಅಕ್ಟೋಬರ್ 7

ಅವಳ ಪೆಟ್ಟಿಗೆಗಳನ್ನು ಇಳಿಸಿ ಕಾರಿಗೆ ತುಂಬಿಸಿಕೊಟ್ಟೆ. ಹೊಲಿಗೆ ಯಂತ್ರ ಹಿಡಿಸಲಿಲ್ಲ. ರೈಲಿನಲ್ಲಿ ಕಳಿಸುತ್ತೇನೆ ಅಂದೆ. ಹೊರಟಳು. ನಿದ್ದೆ ಬಂತು. ನನಗೇ ಆಶ್ಚರ್ಯ.

ಏಪ್ರಿಲ್ 9, 1985, ಮಂಗಳವಾರ

ಬಹಳ ತಿಂಗಳಿಂದ ಇದನ್ನು ತೆರೆದಿರಲಿಲ್ಲ. ಪುರುಸೊತ್ತಾಗಲಿಲ್ಲ.

ಇವತ್ತು ಮೊದಲ ಆಟ. ಚಳಿಗಾಲದಲ್ಲಿ ಮಿಸ್ ಒಡೆಸ್ಸಾರ ಕಣ್ಣಿನ ಆಪರೇಷನ್ ಆಗಿ, ದಪ್ಪ ಕನ್ನಡಕ ಬಂದಿದೆ. ಮೊದಲು ನನ್ನ ಮುಖ ನೋಡಿ, "ಹೀಗಿದೀಯಾ?" ಅಂದರು. ಆಮೇಲೆ ಮೈದಾನ ನೋಡಿ, "ರಾಕ್‌ಮೋರ್ ಇಷ್ಟು ಕುಳ್ಳನಾ?" ಅಂದರು. ಅದೂ ಅವನಿಗೆ ಕೇಳಿತು.

ಇನ್ನು ನನ್ನ ಕೆಲಸವಿಲ್ಲ ಎಂದು ಸುಮ್ಮನೆ ಕೂತರೆ ಬೆನ್ನಿಗೆ ತಿವಿತ ಬಿತ್ತು. "ನೀನು ಹೇಳು. ಇವರ ಆಟ ನೋಡೋಕೆ ಅಷ್ಟೇನೂ ಚೆನ್ನಾಗಿಲ್ಲ."

ಮನೆಗೆ ಬಂದು ಸೂಪು ಬಿಸಿಗಿಡುತ್ತಿದ್ದೆ, ಫೋನು ಬಂತು. ವಿಲ್ಮಾ. ಅಲ್ಲಿಯ ರೇಡಿಯೋದಲ್ಲಿ ಸ್ಟೋಕರ್ಸ್ ಹೆಸರೂ ಎತ್ತುವುದಿಲ್ಲವಂತೆ. "ಏನಾಯ್ತು?" ಅಂದಳು.

ಹೇಳಿದೆ. ಮೊದಲ ಇನ್ನಿಂಗ್ಸಿನಿಂದ ಶುರು ಮಾಡಿದೆ. ಅವಳು ಮಧ್ಯೆ ಮಧ್ಯೆ ಹೂಂ ಅನ್ನುತ್ತಿದ್ದಳು, ಎರಡು ಸಲ ಜೋರಾಗಿ ನಕ್ಕಳು, ಕುಳ್ಳನ ಮಾತಿಗಂತೂ ಫೋನಿನಾಚೆ ಅಕ್ಕನನ್ನೂ ಕರೆದಳು. ಒಂಬತ್ತನೇ ಇನ್ನಿಂಗ್ಸ್ ಮುಗಿಸಿ ಫೋನು ಇಟ್ಟಾಗ ಸೂಪು ತಳ ಹಿಡಿದಿತ್ತು.

ಪಾತ್ರೆ ಉಜ್ಜುವಾಗ ನೆನಪಾಯಿತು, ಅವಳು ಹೇಗಿದ್ದಾಳೆಂದು ಕೇಳಲೇ ಇಲ್ಲ. ನಾಳೆ ನಾನೇ ಫೋನು ಮಾಡಿ ಕೇಳಬೇಕು.